ಲಿಂಬೆಮರದ ಸಾಕ್ಷಿ

ವೇಲಚೇರಿ, ಚೆನ್ನೈ
೧೨ ಫೆಬ್ರವರಿ ೨೦೨೪

ಉಪೇಂದ್ರನಿಗೆ,

ಇದು ಕ್ಷೇಮ ಸಮಾಚಾರದ ಕಾಗದವಲ್ಲ. ನೀನು ಕ್ಷೇಮವಾಗಿದ್ದೀ ಎಂಬುದು ನನ್ನ ತಲೆಯ ಮೇಲಿನ ಮಹಡಿಯಲ್ಲಿ ಕಿರುಚುವ ನಿನ್ನ ಟಿವಿಯಿಂದ ದಿನವೂ ತಿಳಿಯುತ್ತದೆ. ನಿನ್ನ ಅಣ್ಣನ ವರ್ಷಾಂತಿಕ ಮುಗಿದ ದಿನದಿಂದ ನಾವಿಬ್ಬರು ಮಾತಾಡಿಲ್ಲ. ಐದು ವರ್ಷವಾಯಿತು. ಮಾತಾಡುವ ಆಸೆ ಈಗಲೂ ನನಗಿಲ್ಲ. ಆದರೆ ನೀನು ಈ ಹದಿನಾರು ಮನೆಗಳ ಸಂಘದ ಕಾರ್ಯದರ್ಶಿ, ನಾನು ಅದರ ಸದಸ್ಯೆ. ಆ ಸಂಬಂಧದಿಂದ ಮಾತ್ರ ಬರೆಯುತ್ತಿದ್ದೇನೆ. ಇಷ್ಟು ವರ್ಷ ನಮ್ಮಿಬ್ಬರ ಮನೆಗಳ ನಡುವೆ ಉಪ್ಪಿನಕಾಯಿ ಬಾಟಲಿ, ಮದುವೆಯ ಕಾಗದ ಒಯ್ದು ತಂದವಳು ಸುಮತಿ. ಅವಳನ್ನು ನೀನು ಗೇಟಿನಾಚೆ ಕಳಿಸಿದ್ದರಿಂದ ಇದನ್ನು ನಿನ್ನ ಬಾಗಿಲ ಹಾಲಿನ ಚೀಲದಲ್ಲಿ ಹಾಕುತ್ತಿದ್ದೇನೆ.

ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ, ಏಕೆಂದರೆ ನೋಟೀಸ್ ಬೋರ್ಡಿನಲ್ಲಿ ನೀನು ಹಾಕಿದ್ದು ಹಾಗಿಲ್ಲ.

ಶುಕ್ರವಾರ, ತೈ ಅಮಾವಾಸ್ಯೆಯ ಬೆಳಿಗ್ಗೆ, ಮೊದಲ ಮಹಡಿಯ ಅಂಬುಜಮ್ಮ ಲಿಂಬೆಹಣ್ಣು ಕೊಯ್ಯಲು ಹಿಂದಿನ ಅಂಗಳಕ್ಕೆ ಹೋದರು. ಮರದ ಮುಳ್ಳುಗಳಿಗೆ ಎರಡು ಓತಿಕೇತದ ಮರಿಗಳನ್ನು ಕುತ್ತಿಗೆಯಲ್ಲಿ ಚುಚ್ಚಿ ನೇತುಹಾಕಲಾಗಿತ್ತು. ಒಂದು ದೊಡ್ಡ ಮಿಡತೆ, ತಲೆಯಿಲ್ಲದ ಒಂದು ಪುಟ್ಟ ಹಕ್ಕಿ ಕೂಡ. ಬುಡದಲ್ಲಿ ಕುಂಕುಮ ಸವರಿದ ಒಣ ಲಿಂಬೆಹಣ್ಣು. ಅಂಬುಜಮ್ಮ ಕೂಗಿಕೊಂಡರು. ನೀನು ಪಂಚೆ ಎತ್ತಿಕಟ್ಟಿ ಇಳಿದು ಬಂದೆ. ಒಂದು ನಿಮಿಷವೂ ಯೋಚಿಸಲಿಲ್ಲ. ಮೆಟ್ಟಿಲು ಒರೆಸುತ್ತಿದ್ದ ಸುಮತಿಯನ್ನು ಕರೆಸಿದೆ. “ಸೂನಿಯಂ ವೆಚ್ಚಿಯಾ?” ಎಂದು ಎಲ್ಲರ ಎದುರು ಕೇಳಿದೆ. ಮಾಟ ಮಾಡಿದೆಯಾ ಎಂದು! ಹನ್ನೊಂದು ವರ್ಷ ಈ ಕಟ್ಟಡದ ಕಸ ಗುಡಿಸಿದವಳನ್ನು! “ನಾನ್ ಪಣ್ಣಲೆ ಸಾರ್, ಸತ್ತಿಯಮಾ ಪಣ್ಣಲೆ” ಎಂದು, ತಾನು ಮಾಡಿಲ್ಲವೆಂದು ಅವಳು ಆಣೆ ಇಡುತ್ತಿದ್ದಾಗ ನೀನು ಅವಳ ಕೈಯ ಬಕೆಟ್ಟನ್ನು ಕಾಲಿನಿಂದ ಸರಿಸಿದೆ.

ಆ ಒಣ ಲಿಂಬೆಹಣ್ಣು ಯಾರದ್ದು? ನಿನ್ನದೇ. ಪ್ರತಿ ಅಮಾವಾಸ್ಯೆಗೆ ದೃಷ್ಟಿಗೆಂದು ಗೇಟಿಗೆ ಲಿಂಬೆ, ಮೆಣಸು ಕಟ್ಟಿಸುವವನು ನೀನು. ಹಳೆಯದನ್ನು ಬಿಚ್ಚಿ ಯಾರೂ ತುಳಿಯದ ಕಡೆ ಹಾಕು ಎಂದು ಅವಳಿಗೆ ಕಲಿಸಿದವನೂ ನೀನು. ಯಾರೂ ತುಳಿಯದ ಜಾಗ ಈ ಕಟ್ಟಡದಲ್ಲಿ ಆ ಮರದ ಬುಡ ಒಂದೇ.

ನನ್ನ ನೆನಪು ನಿನಗೆ ಇಷ್ಟವಾಗುವುದಿಲ್ಲ. ಆದರೂ ಕೇಳು. ೧೯೮೩ರ ಡಿಸೆಂಬರ್, ಮೈಲಾಪೂರದ ನಮ್ಮ ಹೋಟೆಲು. ಮೂರು ದಿನ ಇಡ್ಲಿ ಹಿಟ್ಟು ಉಕ್ಕಲಿಲ್ಲ. ಹಿಟ್ಟು ರುಬ್ಬುವ ಅಂದಾನಿಯ ಕೈಗುಣ ಕೆಟ್ಟಿದೆ ಎಂದು ನಿನ್ನ ಅಪ್ಪ ಅವನನ್ನು ಓಡಿಸಿದರು. ನಾಲ್ಕನೆಯ ದಿನ ಬೇರೆ ಅಂಗಡಿಯ ಉದ್ದು ಬಂತು, ಹಿಟ್ಟು ಪಾತ್ರೆ ಮೀರಿ ಉಕ್ಕಿತು. ಅಂದಾನಿಯನ್ನು ಹುಡುಕಿಕೊಂಡು ಯಾರೂ ಹೋಗಲಿಲ್ಲ. ನಾನು ಹೊಸ ಸೊಸೆ, ಬಾಯಿಮುಚ್ಚಿ ನಿಂತಿದ್ದೆ. ಈಗ ನಾನು ಹೊಸ ಸೊಸೆಯಲ್ಲ.

ಸುಮತಿಯನ್ನು ವಾಪಸು ಕರೆಸು.

ತುಂಗಾ
ಮನೆ ಸಂಖ್ಯೆ ೭

*

೧೪ ಫೆಬ್ರವರಿ ೨೦೨೪

ಅತ್ತಿಗೆಗೆ ನಮಸ್ಕಾರ.

ಕಾಗದ ಹಾಲಿನಲ್ಲಿ ನೆನೆದಿತ್ತು. ಓದುವಷ್ಟು ಉಳಿದಿತ್ತು.

ನಿಮ್ಮ ಸಿಟ್ಟು ನನಗೆ ಹೊಸದಲ್ಲ. ನೀವು ಮೂವತ್ತು ವರ್ಷ ಕಾಲೇಜಿನ ಲೈಬ್ರರಿಯಲ್ಲಿ ಕೂತವರು, ನಾನು ನಲವತ್ತು ವರ್ಷ ಹೋಟೆಲಿನ ಒಲೆಯ ಎದುರು ನಿಂತವನು. ಕಾರ್ಯದರ್ಶಿ ಕೆಲಸವನ್ನು ನಾನು ಕೇಳಿ ಪಡೆದದ್ದಲ್ಲ. ಅಂದು ಬೆಳಿಗ್ಗೆ ಅಂಬುಜಮ್ಮ ನಡುಗುತ್ತಿದ್ದರು. ಅವರ ಮೊಮ್ಮಗಳಿಗೆ ಹತ್ತು ದಿನದಿಂದ ಇಳಿಯದ ಜ್ವರ. ಓತಿಕೇತ ತಾನಾಗಿ ಹೋಗಿ ಮುಳ್ಳಿಗೆ ಕುತ್ತಿಗೆ ಕೊಡುತ್ತದೆಯೆ? ಕಾಗೆ ಮಾಡುವುದಿಲ್ಲ, ಬೆಕ್ಕು ಮಾಡುವುದಿಲ್ಲ. ಕೈ ಇರುವವರು ಮಾಡಬೇಕು. ಆ ಅಂಗಳಕ್ಕೆ ದಿನವೂ ಹೋಗುವ ಕೈ ಒಂದೇ.

ಹಿಂದಿನ ವಾರ ಅವಳಿಗೂ ಅಂಬುಜಮ್ಮನಿಗೂ ರಜೆಯ ವಿಷಯದಲ್ಲಿ ಜಗಳವಾದದ್ದು ನಿಮಗೂ ಗೊತ್ತು.

ಇನ್ನೊಂದು ಮಾತು. ಅಂದು ನೀವೂ ಅಲ್ಲೇ ಇದ್ದಿರಿ, ಮೆಟ್ಟಿಲ ಕೊನೆಯಲ್ಲಿ. ನಾನು ನೋಡಿದೆ. ಆಗ ಒಂದು ಮಾತೂ ಆಡಲಿಲ್ಲ. ಈ ನ್ಯಾಯ ಹೊಳೆಯಲು ನಿಮಗೆ ಮೂರು ದಿನ ಬೇಕಾಯಿತೆ?

ಅವಳಲ್ಲದಿದ್ದರೆ ಯಾರು? ಅದನ್ನು ತೋರಿಸಿ. ಪುಸ್ತಕದಲ್ಲಲ್ಲ, ಅಂಗಳದಲ್ಲಿ.

ಉಪೇಂದ್ರ

*

೧೮ ಮಾರ್ಚ್ ೨೦೨೪

ಉಪೇಂದ್ರನಿಗೆ,

ಯಾರೆಂದು ಕೇಳಿದ್ದೆ. ಹೇಳುತ್ತೇನೆ. ಕೈ ಇಲ್ಲದವರು ಮಾಡಿದ್ದಾರೆ.

ಹದಿನೇಳು ದಿನ ಬೆಳಿಗ್ಗೆ ಆರಕ್ಕೆ ಅಡಿಗೆಮನೆಯ ಹಿಂದಿನ ಬಾಲ್ಕನಿಯಲ್ಲಿ ಸ್ಟೂಲು ಹಾಕಿ ಕೂತೆ. ನಮ್ಮ ಗೋಡೆಯ ಆಚೆ, ಕಟ್ಟಡ ಏಳದೆ ಬಿದ್ದಿರುವ ಸೈಟಿನಲ್ಲಿ ಸೀಮೆ ಜಾಲಿ ಬೆಳೆದಿದೆಯಲ್ಲ, ಅದರ ತುದಿಯಲ್ಲಿ ಒಂದು ಹಕ್ಕಿ ಒಂದೇ ಭಂಗಿಯಲ್ಲಿ ಕೂರುತ್ತದೆ. ಬುಲ್‌ಬುಲ್‌ನಷ್ಟೇ ಗಾತ್ರ. ದೊಡ್ಡ ತಲೆ. ಕೊಕ್ಕಿನಿಂದ ಕಣ್ಣಿನ ಮೇಲೆ ಹಾದು ಕಿವಿಯವರೆಗೆ ದಪ್ಪ ಕಪ್ಪು ಪಟ್ಟಿ, ಕಳ್ಳನ ಮುಖವಾಡದ ಹಾಗೆ. ಕೊಕ್ಕಿನ ತುದಿ ಕೊಕ್ಕೆ. ನಿನ್ನೆ ಅದು ನೆಲಕ್ಕೆ ಬಿದ್ದಂತೆ ಇಳಿದು ಒಂದು ಓತಿಕೇತದ ಮರಿಯನ್ನು ಹಿಡಿಯಿತು. ನಮ್ಮ ಲಿಂಬೆಮರಕ್ಕೆ ಹಾರಿ ಬಂತು. ಮುಳ್ಳಿನ ಮೇಲೆ ಅದನ್ನು ಇಟ್ಟು ಎರಡು ಸಲ ಜಗ್ಗಿ ಎಳೆಯಿತು. ಓತಿಕೇತ ನೇತಾಡಿತು. ಹಕ್ಕಿ ಅದನ್ನು ಹರಿದು ತಿಂದಿತು, ಅರ್ಧ ಬಿಟ್ಟು ಹೋಯಿತು.

ಇದು ಕಳಿಂಗ. ಕಟುಕ ಹಕ್ಕಿ ಎಂದೂ ಕರೆಯುತ್ತಾರೆ. ಗಿಡುಗನಂತೆ ಬೇಟೆಯಾಡುವ ಬಾಯಿ ಅದಕ್ಕಿದೆ, ಗಿಡುಗನ ಕಾಲು ಇಲ್ಲ. ಹಿಡಿದದ್ದನ್ನು ಮೆಟ್ಟಿ ನಿಂತು ಹರಿಯುವ ಬಲ ಅದರ ಬೆರಳಿಗಿಲ್ಲ. ಹಾಗಾಗಿ ಮುಳ್ಳನ್ನೇ ಕೈಯಾಗಿ ಬಳಸುತ್ತದೆ. ಹೆಚ್ಚಾದದ್ದನ್ನು ಅಲ್ಲೇ ತೂಗುಹಾಕಿ ಆಮೇಲೆ ಬಂದು ತಿನ್ನುತ್ತದೆ. ಇಷ್ಟೇ ನಿನ್ನ ಸೂನಿಯಂ. ಒಂದು ಹಕ್ಕಿಯ ಉಗ್ರಾಣ.

ಇದು ಕೆಂಬೆನ್ನಿನ ಕಳಿಂಗ ಎಂದು ನನ್ನ ಹಳೆಯ ಪುಸ್ತಕ ನೋಡಿ ಗೊತ್ತುಮಾಡಿದ್ದೇನೆ. ವರ್ಷವಿಡೀ ಇಲ್ಲೇ ಇರುವ ಜಾತಿ. ಫೋಟೋ ತೆಗೆದೆ, ನನ್ನ ಮೊಬೈಲಿನಲ್ಲಿ ಅದು ಒಂದು ಕಂದು ಚುಕ್ಕೆಯಾಗಿ ಬಂದಿದೆ. ಪರವಾಗಿಲ್ಲ, ಹಕ್ಕಿ ಎಲ್ಲಿಗೂ ಹೋಗುವುದಿಲ್ಲ. ಮೇ ೫ರ ವಾರ್ಷಿಕ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಮೊದಲನೆಯದಾಗಿರಲಿ. ಸಭೆ ಹಿಂದಿನ ಅಂಗಳದಲ್ಲೇ ನಡೆಯಲಿ. ಸುಮತಿಯನ್ನು ನಾನು ಕರೆತರುತ್ತೇನೆ. ಕಣ್ಣಿದ್ದವರೆಲ್ಲ ನೋಡಲಿ, ಆಮೇಲೆ ಅವಳ ಕಾಲಿಗೆ ಬೀಳುವವರು ಸಾಲಾಗಿ ಬೀಳಲಿ.

ಹಿಂದಿನ ಕಾಗದದಲ್ಲಿ ನೀನು ಕೇಳಿದ ಇನ್ನೊಂದು ಪ್ರಶ್ನೆಗೆ ಉತ್ತರಿಸುವ ಅಗತ್ಯ ನನಗೆ ಕಾಣುವುದಿಲ್ಲ.

ತುಂಗಾ

*

೬ ಮೇ ೨೦೨೪

ಅತ್ತಿಗೆಗೆ,

ನಿನ್ನೆಯ ಸಭೆಯಿಂದ ನೀವು ಅರ್ಧದಲ್ಲೇ ಎದ್ದು ಹೋದಿರಿ. ಸದಸ್ಯರಿಗೆ ನಡಾವಳಿ ತಿಳಿಸುವುದು ನನ್ನ ಕರ್ತವ್ಯವಾದ್ದರಿಂದ ಬರೆಯುತ್ತಿದ್ದೇನೆ.

ಬೆಳಿಗ್ಗೆ ಏಳರಿಂದ ಎಂಟೂವರೆಯವರೆಗೆ ಇಪ್ಪತ್ತೆರಡು ಜನ ಮೇ ತಿಂಗಳ ಬಿಸಿಲಿನಲ್ಲಿ ಮೊಬೈಲ್ ಎತ್ತಿ ಹಿಡಿದು ನಿಂತರು. ಬಂದದ್ದು ಕಾಗೆ ಆರು, ಅಳಿಲು ಒಂದು. ಮುಳ್ಳುಗಳ ಮೇಲೆ ಏನೂ ಇರಲಿಲ್ಲ. ಅಧ್ಯಕ್ಷರಾದ ವಿಘ್ನೇಶ್ “ಮೇಡಮ್, ಪರವೈ ಲೀವಾ?” ಎಂದು ಕೇಳಿದಾಗ, ಹಕ್ಕಿ ರಜೆ ಹಾಕಿದೆಯೇ ಎಂದಾಗ, ಎಲ್ಲರೂ ನಕ್ಕರು. ನಾನು ನಗಲಿಲ್ಲ, ನಂಬಿದರೆ ನಂಬಿ. ಮೂರನೆಯ ಮಹಡಿಯ ದೀಕ್ಷಿತ್ ಎಂದ ಮಾತು ನೀವು ಕೇಳಿರಲಿಕ್ಕಿಲ್ಲ. “ಆಂಟಿ ಹಕ್ಕೀಗೆ ಮೀಟಿಂಗ್ ಲಿಂಕ್ ಕಳ್ಸೋದು ಮರ್ತಿದಾರೆ ಅನ್ಸುತ್ತೆ.” ಅಂಬುಜಮ್ಮ ಮಾತ್ರ ತಮಾಷೆ ಮಾಡಲಿಲ್ಲ. “ಅವಳು ಹೋದ್ಮೇಲೆ ಮುಳ್ಳಲ್ಲಿ ಒಂದೂ ಇಲ್ಲ ನೋಡ್ರಿ. ಇನ್ನೇನು ಸಾಕ್ಷಿ ಬೇಕು?” ಎಂದರು.

ಮಾರ್ಚಿನಲ್ಲಿ ಕಣ್ಣಾರೆ ಕಂಡೆ ಎಂದು ನೀವು ಹೇಳಿದ್ದನ್ನು ಯಾರೂ ನಂಬಲಿಲ್ಲ, ನೀವು ಮೇಲೆ ಹೋದಿರಿ.

ಸುಮತಿ ಒಂದೂವರೆ ಗಂಟೆ ಗೇಟಿಗೆ ಒರಗಿ ನಿಂತಿದ್ದಳು. ನೀವು ಮೇಲೆ ಹೋದ ನಂತರವೂ ಹತ್ತು ನಿಮಿಷ ಇದ್ದಳು. ಆಮೇಲೆ ಹೋದಳು.

ನಿರ್ಣಯಗಳು: ಸುಮತಿಯನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ಬೀದಿಯ ಇತರ ಮೂರು ಕಟ್ಟಡಗಳ ಕಾರ್ಯದರ್ಶಿಗಳಿಗೆ ವಿಷಯ ತಿಳಿಸುವುದು (ತಿಳಿಸಿಯಾಗಿದೆ). ಲಿಂಬೆಮರವನ್ನು ಕಡಿಸುವುದು.

ಎಂತ ಮಾಡುವುದು ಅತ್ತಿಗೆ, ನೀವೇ ಸಭೆ ಕರೆಸಿದಿರಿ.

ಉಪೇಂದ್ರ

*

೩ ಜೂನ್ ೨೦೨೪

ಉಪೇಂದ್ರನಿಗೆ,

ಒಂದು ತಿಂಗಳು ಯಾರ ಮುಖವನ್ನೂ ನೋಡಲಾಗಲಿಲ್ಲ. ಈಗ ಬರೆಯುತ್ತೇನೆ, ಏಕೆಂದರೆ ತಪ್ಪು ಎಲ್ಲಿ ಆಯಿತೆಂದು ಗೊತ್ತಾಗಿದೆ. ಅದು ನನ್ನ ತಪ್ಪು.

ಪಳ್ಳಿಕರಣೈ ಜೌಗಿನ ಬಳಿ ಭಾನುವಾರ ದುರ್ಬೀನು ಹಿಡಿದು ನಿಲ್ಲುವವರ ಗುಂಪೊಂದಿದೆ. ಅದರಲ್ಲಿ ಗುರುಚರಣ ಎಂಬ ಮಂಡ್ಯ ಕಡೆಯವನೊಬ್ಬ, ಇಲ್ಲೇ ಯಾವುದೋ ಆಫೀಸಿನಲ್ಲಿ ಕೆಲಸ. ನನ್ನ ಮೊಬೈಲಿನ ಕಂದು ಚುಕ್ಕೆಯನ್ನು ಅವನಿಗೆ ತೋರಿಸಿದೆ. ಹಿಗ್ಗಿಸಿ ಹಿಗ್ಗಿಸಿ ನೋಡಿದ.

“ಮೇಡಂ, ತಲೆ ಬೂದಿ ಬಣ್ಣ ಇತ್ತಾ?”

“ಕಂದು.”

“ಬೆನ್ನು?”

“ಅದೂ ಕಂದು. ಬಾಲ ಸ್ವಲ್ಪ ಕೆಂಪು.”

“ರೆಕ್ಕೆ ಮೇಲೆ ಬಿಳೀ ಮಚ್ಚೆ?”

“ಕಾಣಲಿಲ್ಲ.”

“ಕಾಣ್ಲಿಲ್ವಾ, ಇರ್ಲಿಲ್ವಾ?”

ಉಪೇಂದ್ರ, ಬಿಳಿ ಮಚ್ಚೆ ಇರಲಿಲ್ಲ. ನನ್ನ ಪುಸ್ತಕದಲ್ಲಿ ಕೆಂಬೆನ್ನಿನ ಕಳಿಂಗಕ್ಕೆ ಅದು ಇರಲೇಬೇಕು ಎಂದು ಸ್ಪಷ್ಟವಾಗಿ ಅಚ್ಚಾಗಿದೆ. ಕೂತಾಗ ಮುಚ್ಚಿಹೋಗಿರಬೇಕು ಎಂದು ನಾನೇ ಸಮಾಧಾನ ಹೇಳಿಕೊಂಡಿದ್ದೆ. ಕಪ್ಪು ಬಿಳುಪು ಚಿತ್ರದ ಪುಸ್ತಕವಾದ್ದರಿಂದ ತಲೆಯ ಬಣ್ಣದ ತಂಟೆಗೇ ಹೋಗಿರಲಿಲ್ಲ. ನನಗೆ ಹಕ್ಕಿ ಬೇಕಿರಲಿಲ್ಲ, ನಿನ್ನನ್ನು ಸೋಲಿಸಲು ಒಂದು ಹೆಸರು ಬೇಕಿತ್ತು. ಆ ಅವಸರದಲ್ಲಿ ಕಣ್ಣೆದುರು ಇದ್ದದ್ದು ಬಿಟ್ಟು, ಬೇಕಾದದ್ದನ್ನು ನೋಡಿದೆ.

ಅದು ಕಂದು ಕಳಿಂಗ. ಇಲ್ಲಿಯದಲ್ಲ. ಸೈಬೀರಿಯಾ, ಮಂಗೋಲಿಯಾದ ಕಡೆ ಗೂಡು ಕಟ್ಟಿ ಮರಿ ಮಾಡಿ, ಚಳಿಗಾಲಕ್ಕೆ ಇಲ್ಲಿಗೆ ಬರುತ್ತದೆ. ಸೆಪ್ಟೆಂಬರಿಗೆ ಬಂದು ಏಪ್ರಿಲಿಗೆ ಹೊರಡುತ್ತದೆ. ನಾನು ಇಪ್ಪತ್ತೆರಡು ಜನರನ್ನು ಬಿಸಿಲಿನಲ್ಲಿ ನಿಲ್ಲಿಸಿದ ದಿನ ಅದು ಹೋಗಿ ಎಷ್ಟೋ ದಿನವಾಗಿತ್ತು. ಅಂಬುಜಮ್ಮ ಹೇಳಿದ್ದು ಅರ್ಧ ಸತ್ಯ: ಮುಳ್ಳು ಖಾಲಿಯಾದದ್ದು ಹೌದು, ಸುಮತಿ ಹೋದದ್ದರಿಂದಲ್ಲ. ಹಕ್ಕಿಯೂ ಹೋದದ್ದು ಅವರಿಗೆ ಗೊತ್ತಿಲ್ಲ. ನನಗೆ ಗೊತ್ತಿರಬೇಕಿತ್ತು. ಸುಮತಿಯನ್ನು ಎರಡನೆಯ ಸಲ ಗೇಟಿನ ಬಳಿ ನಿಲ್ಲಿಸಿ ಅವಮಾನ ಮಾಡಿಸಿದವಳು ನಾನು.

ಗುರುಚರಣ ಇನ್ನೊಂದು ಮಾತು ಹೇಳಿದ. ಈ ಹಕ್ಕಿಗಳು ಬಂದ ಜಾಗಕ್ಕೇ ಮತ್ತೆ ಬರುತ್ತವಂತೆ. ಅದೇ ಪೊದೆ, ಅದೇ ತಂತಿ. ಬದುಕಿದ್ದರೆ ಬರುತ್ತದೆ ಎಂದ.

ಹಾಗಾಗಿ ಕೇಳುತ್ತಿದ್ದೇನೆ, ಬೇಡುತ್ತಿಲ್ಲ: ಅಕ್ಟೋಬರಿನವರೆಗೆ ಮರ ಕಡಿಸಬೇಡ. ಅದು ಹೋದರೆ ಅವಳ ಪರವಾಗಿ ನಿಲ್ಲುವ ಸಾಕ್ಷಿ ಬೇರೆ ಇಲ್ಲ. ೨೦೧೫ರ ನೆರೆಯಲ್ಲಿ ನಿನ್ನ ಹೆಂಡತಿ ನಾಗರತ್ನಳ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ತಲೆಯ ಮೇಲೆ ಹೊತ್ತು ಎದೆಮಟ್ಟದ ನೀರಿನಲ್ಲಿ ಬಂದವಳು ಯಾರೆಂದು ನಾನು ನೆನಪಿಸಬೇಕೇ?

ತುಂಗಾ

*

೧೪ ಜುಲೈ ೨೦೨೪

ಅತ್ತಿಗೆಗೆ,

ಮಾತ್ರೆ ತಂದದ್ದು ನಾನು ಮರೆತಿಲ್ಲ. ಮರೆತಿಲ್ಲದ್ದೇ ಕಷ್ಟ. ಅಷ್ಟು ಮಾಡಿದವಳು ಇದನ್ನು ಮಾಡಿದಳಲ್ಲ ಎಂದು ಆ ದಿನ ನನಗೆ ಹೆಚ್ಚು ಸಿಟ್ಟು ಬಂದದ್ದು.

ಮರದ ವಿಷಯ. ಕಡಿಯುವವನು ಜೂನಿನಲ್ಲೇ ಕೊಡಲಿ ಹಿಡಿದು ಬಂದಿದ್ದ. ನೋಡಿದರೆ ಮರದ ತುಂಬ ಕಾಯಿ. ಕಾಯಿ ತುಂಬಿದ ಮರ ಬೀಳಿಸುವಷ್ಟು ನಾನು ಕೆಟ್ಟಿಲ್ಲ. ಹಿಂದಕ್ಕೆ ಕಳಿಸಿದೆ. ಇನ್ನೆರಡು ದಿನಕ್ಕೆ ಆಡಿ ತಿಂಗಳು, ಈ ಊರಿನಲ್ಲಿ ಯಾರೂ ಯಾವ ಕೆಲಸಕ್ಕೂ ಕೈ ಹಾಕುವುದಿಲ್ಲ. ಅದು ಮುಗಿದರೆ ಚೌತಿ, ಅದರ ಬೆನ್ನಿಗೆ ಪಿತೃಪಕ್ಷ. ವಿಘ್ನೇಶ್ ಗೊಣಗುತ್ತಿದ್ದಾರೆ. ನವರಾತ್ರಿಯ ಹೊತ್ತಿಗೆ ಮರ ಹೋಗಲೇಬೇಕು ಎಂದಿದ್ದಾರೆ.

ನೀವು ನಗುತ್ತಿದ್ದೀರಿ ಎಂದು ಗೊತ್ತು. ನನ್ನ ಮೂಢನಂಬಿಕೆಯೇ ನಿಮ್ಮ ಮರವನ್ನು ಕಾಯುತ್ತಿದೆ. ನಗಿ.

ಸುಮತಿ ಈ ಕಡೆ ಇಲ್ಲ. ಬೀದಿಯ ಬೇರೆ ಕಟ್ಟಡಗಳಲ್ಲಿ ಪಾತ್ರೆ ತೊಳೆಯುತ್ತಿದ್ದ ಮನೆಗಳೂ ಅವಳನ್ನು ಬಿಡಿಸಿದವು. ಕಾಸಿಮೇಡಿನಲ್ಲಿ ಅಕ್ಕನ ಮನೆಗೆ ಹೋದಳಂತೆ.

ಉಪೇಂದ್ರ

*

೨೨ ಸೆಪ್ಟೆಂಬರ್ ೨೦೨೪

ಉಪೇಂದ್ರನಿಗೆ,

ಬಂದಿದೆ.

ಇಂದು ಬೆಳಕು ಹರಿಯುವ ಮೊದಲೇ ಗೋಡೆಯ ಆಚೆ ಒಡಕು ಗಂಟಲಿನ ‘ಚರ್ರ್, ಚರ್ರ್, ಚರ್ರ್’ ಕೇಳಿತು. ಬಂದ ಹೊಸದರಲ್ಲಿ ಹೀಗೆ ಕೂಗಿ ಕೂಗಿ ಇದು ನನ್ನ ಜಾಗ ಎಂದು ಸಾರುತ್ತದಂತೆ, ಬೇರೆ ಕಳಿಂಗಗಳು ಹತ್ತಿರ ಬರದಿರಲಿ ಎಂದು. ಈ ಸಲ ನಾನು ಅವಸರ ಮಾಡಲಿಲ್ಲ. ಗುರುಚರಣನ ದುರ್ಬೀನಿನಲ್ಲಿ ಒಂದು ಗಂಟೆ ನೋಡಿದೆ. ತಲೆ ಕಂದು, ಬೆನ್ನು ಕಂದು, ಬಾಲ ಇಟ್ಟಿಗೆಯ ಕೆಂಪು. ಕಪ್ಪು ಪಟ್ಟಿಯ ಮೇಲೆ ತೆಳ್ಳನೆಯ ಬಿಳಿ ಹುಬ್ಬು. ಹಾರಿದಾಗ ರೆಕ್ಕೆಯಲ್ಲಿ ಬಿಳಿ ಮಚ್ಚೆ ಇಲ್ಲ. ಕಾಣಲಿಲ್ಲ ಎಂದಲ್ಲ, ಇಲ್ಲ. ಅದೇ ಸೀಮೆ ಜಾಲಿಯ ಅದೇ ತುದಿ.

ಹೋದ ಚಳಿಗಾಲದ ಹಕ್ಕಿಯೇ ಇದು ಎಂದು ನಾನು ಆಣೆ ಇಡಲಾರೆ. ಅದರ ಕಾಲಿಗೆ ಯಾರೂ ಗುರುತಿನ ಉಂಗುರ ಹಾಕಿಲ್ಲ. ಹೇಳಬಲ್ಲದ್ದು ಇಷ್ಟು: ನಾಳೆಯಿಂದ ಆರು ಗಂಟೆಗೆ ಹಿಂದಿನ ಅಂಗಳದಲ್ಲಿ ನೀರಿನ ಟ್ಯಾಂಕಿನ ಮರೆಯಲ್ಲಿ ನಿಲ್ಲು. ಒಬ್ಬನೇ. ಕೆಮ್ಮಬೇಡ. ನನ್ನ ಮಾತು ಬೇಡ, ನಿನ್ನ ಕಣ್ಣನ್ನು ನಂಬು.

ತುಂಗಾ

*

೨೬ ಸೆಪ್ಟೆಂಬರ್ ೨೦೨೪

ಅತ್ತಿಗೆಗೆ,

ಮೂರು ದಿನ ನಿಂತೆ. ಎರಡು ದಿನ ಸೊಳ್ಳೆ ಕಚ್ಚಿದ್ದು ಬಿಟ್ಟರೆ ಏನಿಲ್ಲ. ನಿನ್ನೆ ನೋಡಿದೆ.

ಮೊದಲು ಒಂದು ದುಂಬಿ ತಂದಿತು. ಆಮೇಲೆ ಓತಿಕೇತ. ಮುಳ್ಳಿಗೆ ಇಟ್ಟು ಹಿಂದಕ್ಕೆ ಎಳೆಯುವ ರೀತಿ ನೋಡಿ ನನಗೆ ಹೋಟೆಲಿನ ಉಗ್ರಾಣದ ಕೊಕ್ಕೆಗೆ ಬಾಳೆಗೊನೆ ಸಿಕ್ಕಿಸುತ್ತಿದ್ದದ್ದು ನೆನಪಾಯಿತು. ಅಷ್ಟೇ ಸಲೀಸು. ಅಷ್ಟೇ ದಿನನಿತ್ಯದ ಕೆಲಸ. ಅದರಲ್ಲಿ ದ್ವೇಷವೂ ಇಲ್ಲ, ಮಾಟವೂ ಇಲ್ಲ. ಟ್ಯಾಂಕಿಗೆ ಒರಗಿ ನಿಂತೆ.

ವಿಡಿಯೋ ತೆಗೆದು ಕಟ್ಟಡದ ವಾಟ್ಸಾಪ್ ಗುಂಪಿಗೆ ಹಾಕಿದೆ. ಎಲ್ಲರಿಗೂ ಖುಷಿ. ದೀಕ್ಷಿತ್ ಅದಕ್ಕೆ ಹಾಡು ಸೇರಿಸಿ ಇನ್‌ಸ್ಟಾಗ್ರಾಮಿನಲ್ಲಿ ಬಿಟ್ಟಿದ್ದಾನೆ. ಅಂಬುಜಮ್ಮ “ಅಷ್ಟು ದೂರದಿಂದ ಬರುತ್ತಲ್ಲ, ಪಾಪ” ಎಂದು ಬಟ್ಟಲಲ್ಲಿ ನೀರಿಟ್ಟಿದ್ದಾರೆ. ಮರ ಕಡಿಯುವ ನಿರ್ಣಯ ರದ್ದಾಯಿತು. ಮರಕ್ಕೆ ‘ಸೈಬೀರಿಯಾದ ಅತಿಥಿ’ ಎಂದು ಬೋರ್ಡು ಹಾಕಬೇಕೆಂದು ವಿಘ್ನೇಶ್ ಹೇಳುತ್ತಿದ್ದಾರೆ.

ಸುಮತಿಯನ್ನು ಒಂದನೆಯ ತಾರೀಖಿನಿಂದ ಬರಲು ಹೇಳಿ ಎಂದು ಸಮಿತಿ ಒಪ್ಪಿದೆ. ನೀವೇ ಹೇಳಿದರೆ ಚೆನ್ನ. ಆದದ್ದು ಆಯಿತು, ದೊಡ್ಡದು ಮಾಡುವುದು ಬೇಡ.

ಉಪೇಂದ್ರ

*

೧ ಅಕ್ಟೋಬರ್ ೨೦೨೪

ಉಪೇಂದ್ರನಿಗೆ,

ಆದದ್ದು ಆಯಿತು! ಈ ಎರಡು ಪದ ಬರೆಯಲು ನಿನ್ನ ಪೆನ್ನಿಗೆ ಶಾಯಿ ಹೇಗೆ ಇಳಿಯಿತು? ಹಕ್ಕಿಗೆ ನೀರಿನ ಬಟ್ಟಲು, ಹಕ್ಕಿಗೆ ಬೋರ್ಡು, ಹಕ್ಕಿಗೆ ಹಾಡು. ಎರಡು ದಿನ ನಾನೂ ಆ ಗುಂಪನ್ನು ಓದಿದೆ. ನೂರಾ ಎಂಟು ಸಂದೇಶಗಳಲ್ಲಿ ಸುಮತಿ ಎಂಬ ಹೆಸರು ಒಂದು ಕಡೆಯೂ ಇಲ್ಲ. ಹದಿನಾರು ಮನೆಯವರು ಸೇರಿ ಒಂದು ಓತಿಕೇತವನ್ನು ಕೊಂದವನನ್ನು ಹುಡುಕಿ ಅವನಿಗೆ ಸನ್ಮಾನ ಮಾಡಿದ್ದೀರಿ. ನೀವೇ ಚುಚ್ಚಿ ನೇತುಹಾಕಿದವಳ ಕಡೆ ಒಬ್ಬರೂ ತಲೆ ಎತ್ತಿ ನೋಡಲಿಲ್ಲ.

ನಿನ್ನೆ ಕಾಸಿಮೇಡಿಗೆ ಹೋದೆ. ಬೆಳಗಿನ ಹರಾಜು ಮುಗಿದು ದೋಣಿಗಳ ಬದಿಯಲ್ಲಿ ಹೆಂಗಸರು ಸಾಲಾಗಿ ಕೂತು ಮೀನು ಹೆಚ್ಚಿ ಕೊಡುತ್ತಿದ್ದರು. ಅವರ ನಡುವೆ ಸುಮತಿ. ನನ್ನ ಸೀರೆಯ ಅಂಚು ಕೆಸರಿಗೆ ತಾಗಿದ್ದನ್ನು ನೋಡಿ “ಪಾತ್ತು ವಾಂಗಮ್ಮಾ” ಎಂದಳು. ನೋಡಿಕೊಂಡು ಬನ್ನಿ ಎಂದು. ಅಷ್ಟೇ. ಕತ್ತಿ ನಿಲ್ಲಿಸಲಿಲ್ಲ.

ನಾನು ಮೊಬೈಲ್ ತೆಗೆದು ನಿನ್ನ ವಿಡಿಯೋ ತೋರಿಸಿದೆ. ಅವಳ ಅಕ್ಕ ಬಗ್ಗಿ ನೋಡಿ ಜೋರಾಗಿ ನಕ್ಕಳು. “ಇಂದ ಕುರುವಿಕ್ಕಾ ಇವಳವು ಕಲಾಟ್ಟಾ?” ಈ ಗುಬ್ಬಿಗಾತ್ರದ್ದಕ್ಕಾ ಇಷ್ಟು ಗಲಾಟೆ ಎಂದು. ಸುಮತಿ ನಗಲಿಲ್ಲ. ಪೂರ್ತಿ ನೋಡಿದಳು. ಎಲ್ಲರಿಗೂ ಗೊತ್ತಾಗಿದೆ, ಒಂದನೆಯ ತಾರೀಖಿನಿಂದ ಬಾ ಎಂದು ನಾನು ಹೇಳಿದೆ. ಬಹಳ ಹೆಮ್ಮೆಯಿಂದಲೇ ಹೇಳಿದೆ. ಏಳು ತಿಂಗಳು ಅವಳಿಗಾಗಿ ಹೋರಾಡಿದವಳು ನಾನಲ್ಲವೆ?

ಅವಳು ಕೇಳಿದಳು: “ಕುರುವಿ ವರಲೇನ್ನಾ, ನಾನ್ ದಾನೆ ಸೆಂಜೇನ್?”

ಹಕ್ಕಿ ಬಾರದೇ ಹೋಗಿದ್ದರೆ, ನಾನೇ ಮಾಡಿದ್ದು ಅಂತ ಆಗುತ್ತಿತ್ತಲ್ಲಾ ಅಮ್ಮಾ?

ನಾನು ಏನೋ ಹೇಳಲು ಹೋದೆ. ಅವಳು ಬಿಡಲಿಲ್ಲ. ತಮಿಳಿನಲ್ಲಿ, ಕತ್ತಿಯ ಸದ್ದಿನ ನಡುವೆ, ತಗ್ಗಿದ ದನಿಯಲ್ಲಿ ಹೇಳುತ್ತಾ ಹೋದಳು: ಹನ್ನೊಂದು ವರ್ಷ ನಿಮ್ಮೆಲ್ಲರ ಮನೆ ಒಳಗೆ ಓಡಾಡಿದೆ. ಮಕ್ಕಳನ್ನು ಎತ್ತಿಕೊಂಡೆ. ಅದನ್ನು ನೀವು ಯಾರೂ ನೋಡಲಿಲ್ಲ. ಎಲ್ಲಿಂದಲೋ ಬಂದ ಹಕ್ಕಿ ಹೇಳಿದ ಮೇಲೆ ನಂಬಿದಿರಿ. ಸಾರ್ ಸರಿ, ಅವರು ಹಾಗೆಯೇ. ನೀವು?

ಆಮೇಲೆ ಅವಳು ಹೇಳಿದ್ದನ್ನು ನಾನು ನಿನಗೆ ಬರೆಯಲೇಬೇಕು. ಫೆಬ್ರವರಿಯಲ್ಲಿ ನೀನು ಕೇಳಿದ್ದೆ, ನ್ಯಾಯ ಹೊಳೆಯಲು ಮೂರು ದಿನ ಬೇಕಾಯಿತೆ ಎಂದು. ನಾನು ಉತ್ತರಿಸಲಿಲ್ಲ. ಅಮಾವಾಸ್ಯೆಯ ದಿನ ನೀನು ಅವಳನ್ನು ಕಳಿಸಿದ ಮೇಲೆ, ಅವಳು ಗೇಟಿನ ಬಳಿ ಅಳುತ್ತಾ ನಿಂತಿದ್ದಾಗ, ನಾನು ಕೆಳಗೆ ಹೋದೆ. ಸಮಾಧಾನ ಹೇಳಲು ಬರುತ್ತಿದ್ದಾರೆ ಎಂದು ಅವಳು ಅಂದುಕೊಂಡಳಂತೆ. ನನ್ನ ಮನೆಯ ಇನ್ನೊಂದು ಬೀಗದಕೈ ಅವಳ ಹತ್ತಿರ ಇರುತ್ತಿತ್ತು. ಅದನ್ನು ವಾಪಸು ಕೇಳಿದೆ. ಕೊಟ್ಟಳು. ತೆಗೆದುಕೊಂಡು ಮೇಲೆ ಬಂದೆ. ಆ ಮೂರು ದಿನ ನಾನೂ ಅವಳೇ ಇರಬಹುದು ಎಂದುಕೊಂಡಿದ್ದೆ. ಇಷ್ಟು ಓದಿದವಳು. ಆಮೇಲೆ ನಾಚಿಕೆಯಾಯಿತು. ಆ ನಾಚಿಕೆಯನ್ನು ನಿನ್ನ ಮೇಲಿನ ಸಿಟ್ಟು ಮಾಡಿಕೊಂಡು ನಿನಗೆ ಮೊದಲ ಕಾಗದ ಬರೆದೆ.

ಅವಳು ಕೆಲಸಕ್ಕೆ ಬರುವುದಿಲ್ಲ. ಕೇಳಿದ್ದು ಒಂದೇ. “ಸಾರ್ ಬಾಯಲ್ಲಿ ಹೇಳಿದ್ದು, ಬಾಯಲ್ಲೇ ವಾಪಸು ತೆಗೆದುಕೊಳ್ಳಲಿ. ಹದಿನಾರು ಮನೆಗೂ ಹೋಗಿ, ಪಕ್ಕದ ಮೂರು ಕಟ್ಟಡಕ್ಕೂ ಹೋಗಿ, ಸುಮತಿ ಮಾಡಿಲ್ಲ ಎಂದು ಹೇಳಲಿ. ಕುರುವಿಯ ಮಾತು ಎತ್ತಕೂಡದು. ಕುರುವಿ ಮಾಡಿತು, ಅದಕ್ಕೆ ಇವಳು ಮಾಡಿಲ್ಲ ಅನ್ನಕೂಡದು. ಇವಳು ಮಾಡಿಲ್ಲ. ಅಷ್ಟೇ.”

ನೀನು ಮಾಡುತ್ತೀಯೋ ಇಲ್ಲವೋ ನನಗೆ ಗೊತ್ತಿಲ್ಲ. ನಿನಗೆ ಬುದ್ಧಿ ಹೇಳುವ ಅಧಿಕಾರ ನಿನ್ನೆಯಿಂದ ನನಗಿಲ್ಲ. ತಲುಪಿಸಬೇಕಾದ ಮಾತು ತಲುಪಿಸಿದ್ದೇನೆ.

ತುಂಗಾ

*

೯ ಅಕ್ಟೋಬರ್ ೨೦೨೪

ಅತ್ತಿಗೆಗೆ,

ನಿಮ್ಮ ಕಾಗದವನ್ನು ಮೊದಲು ಹರಿದು ಹಾಕಿದೆ. ಆಮೇಲೆ ತುಂಡುಗಳನ್ನು ಜೋಡಿಸಿ ಓದಿದೆ.

ಪಕ್ಕದ ಕಟ್ಟಡಗಳಿಂದ ಶುರು ಮಾಡಿದೆ, ಪರಿಚಯ ಕಡಿಮೆ ಇರುವ ಕಡೆ ಸುಲಭ ಎಂದು. ಸುಲಭವಲ್ಲ. ಬಾಗಿಲು ತೆಗೆದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: ಹಾಗಾದರೆ ಮಾಡಿದ್ದು ಯಾರು? ಹಕ್ಕಿ ಎನ್ನಲು ನಾಲಗೆಯ ತುದಿಗೆ ಬರುತ್ತದೆ. ಹಕ್ಕಿ ಎಂದರೆ ನಗುತ್ತಾರೆ, ವಿಡಿಯೋ ಕೇಳುತ್ತಾರೆ, ಕಾಫಿ ಕೊಡುತ್ತಾರೆ. ಹಕ್ಕಿ ಎನ್ನದೆ ನಿಂತರೆ ನನ್ನ ಮುಖವನ್ನೇ ನೋಡುತ್ತಾರೆ. “ಸುಮತಿ ಮಾಡಿಲ್ಲ, ನಾನು ಸುಳ್ಳು ಹೇಳಿದ್ದೆ” ಎಂದು ಹೇಳಿ ಇಳಿದು ಬರುತ್ತೇನೆ. ದೀಕ್ಷಿತ್ “ಅಂಕಲ್, ಅದಕ್ಕೆ ಪ್ರೂಫ್ ಇದ್ಯಲ್ಲ, ಶ್ರೈಕ್ ಬರ್ಡ್ ಅಂತ ಹೇಳಿ ಮುಗ್ಸಿ” ಎಂದ. ನನಗೆ ಸಿಟ್ಟು ಬಂತು. “ನಿನ್ನ ಪ್ರೂಫಿಗೆ ಬೆಂಕಿ ಹಾಕು ಮಾರಾಯ” ಎಂದೆ. ನಿಮ್ಮ ದನಿಯೇ ಬಂದ ಹಾಗಿತ್ತು.

ಅಂಬುಜಮ್ಮನ ಮನೆಯಲ್ಲಿ ಹೆಚ್ಚು ಹೊತ್ತಾಯಿತು. “ಅವಳಲ್ಲ ಅಂತ ನಿಮಗೆ ಹೆಂಗೆ ಗೊತ್ತು?” ಎಂದು ಮೂರು ಸಲ ಕೇಳಿದರು. ಮೂರನೆಯ ಸಲ “ಅವಳು ನಿಮ್ಮ ಮೊಮ್ಮಗಳಿಗೆ ಹಾಗೆ ಮಾಡುವವಳಾ? ನೀವೇ ಹೇಳಿ” ಎಂದೆ. ಅವರು ಬಾಗಿಲು ಮುಚ್ಚಲಿಲ್ಲ. ನಾನೇ ಹೊರಟು ಬಂದೆ.

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ನಾಗರತ್ನಳಿಗೂ ಹೇಳಿದೆ. ಅವಳು ಬಡಿಸುವುದು ನಿಲ್ಲಿಸಿ, “ಇದನ್ನು ಅಮಾವಾಸ್ಯೆಯ ದಿನ ನಾನು ನಿಮಗೆ ಹೇಳಿದ್ದೆ, ನೀವು ಟಿವಿ ನೋಡ್ತಿದ್ರಿ” ಎಂದಳು.

ಅಲ್ಲಿಗೆ ಹದಿನೈದು ಮನೆ. ಉಳಿದದ್ದು ಏಳನೆಯ ನಂಬರು. ನಾಳೆ ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆ. ಎಲ್ಲರಿಗೂ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಬಾಗಿಲಲ್ಲೇ ನಿಂತು. ನೀವೂ ಕೇಳಿಸಿಕೊಳ್ಳಿ. ದುರ್ಬೀನು ಒಳಗಿಡಿ.

ಉಪೇಂದ್ರ